ಕುರುಡು ಸ್ಕೌಸ್

ಲಿವರ್‌ಪೂಲಿನ ಬಂದರು ಬೀದಿಯಲ್ಲಿ ಫಾದರ್ ಆಂಬ್ರೋಸ್ ಕೆಟ್ಟಿದ್ದು ಎರಡೇ ಎರಡು ಪದಗಳಿಂದ.

ದಕ್ಷಿಣದ ಕೆಂಟ್ ಸೀಮೆಯಿಂದ ಬಂದು ಮೂರು ವಾರವಾಗಿತ್ತು. ಈ ಊರಿನವರನ್ನು ಸ್ಕೌಸ್ ಎನ್ನುತ್ತಾರೆ, ಅವರಾಡುವ ನುಡಿಗೂ ಅದೇ ಹೆಸರು ಎಂಬಷ್ಟನ್ನು ಕಲಿತಿದ್ದರು. ನುಡಿ ಮಾತ್ರ ಜರಡಿಗೆ ಹೊಯ್ದ ನೀರಿನಂತೆ ಕಿವಿಯಿಂದ ಸೋರಿಹೋಗುತ್ತಿತ್ತು. ಇನ್ನೊಂದು ಎಡವಟ್ಟಾದರೆ ಸೋಮವಾರವೇ ವಾಪಸು ಕಳಿಸುವುದಾಗಿ ಹಿರಿಯ ಪಾದ್ರಿಗಳು ಹೇಳಿಬಿಟ್ಟಿದ್ದರು. ಆಂಬ್ರೋಸರಿಗೋ ಈ ಜನರನ್ನು ಬಿಟ್ಟುಹೋಗುವುದೆಂದರೆ ಪ್ರಾಣಸಂಕಟ.

ಶುಕ್ರವಾರ ಬೆಳಿಗ್ಗೆ ವಿನಿ ರಿಮ್ಮರ್ ಎದುರಾದಳು. "ಮಧ್ಯಾಹ್ನ ಬನ್ನಿ ಫಾದರ್. ನಮ್ಮನೇಲಿ ಕುರುಡು ಸ್ಕೌಸು. ಬೆಳಗ್ಗಿಂದ ಒಲೆ ಪಕ್ಕಾನೇ."

ಒಲೆಯ ಪಕ್ಕ ಕುರುಡನೊಬ್ಬ ಕುಕ್ಕರಿಸಿರುವುದಾಗಿ ಆಂಬ್ರೋಸ್ ಕಲ್ಪಿಸಿಕೊಂಡರು. ರೋಗಿಗಳಿಗೆ ಹಚ್ಚುವ ಪವಿತ್ರ ತೈಲ ತೆಗೆದುಕೊಂಡರು. ಮೂಲೆಯಂಗಡಿಯಾಕೆಯ ಹತ್ತಿರ, ರಿಮ್ಮರ್ ಮನೆಯ ಕುರುಡರಿಗೊಂದು ಊರುಗೋಲು ಬೇಕೆಂದರು. ಸುದ್ದಿ ಎರಡು ಮನೆ ದಾಟುವಷ್ಟರಲ್ಲಿ ವಿನಿಯ ಗಂಡ, ಹಡಗುಕಟ್ಟೆಯ ಕೂಲಿ ಆಲ್ಫ್‌ಗೆ ಕಣ್ಣು ಹೋಗಿತ್ತು. ನಾಲ್ಕು ಮನೆ ದಾಟುವಷ್ಟರಲ್ಲಿ ಅವನು ಹಡಗಿನ ಒಡಲಿಗೇ ಬಿದ್ದಿದ್ದ. ಹನ್ನೆರಡಕ್ಕೆ ಇಡೀ ಬೀದಿ ಅವರ ಬಾಗಿಲ ಮುಂದೆ ಜಪಮಾಲೆ ಹಿಡಿದು ಮಂಡಿಯೂರಿತ್ತು.

ಊಟಕ್ಕೆಂದು ಸಿಳ್ಳೆ ಹಾಕುತ್ತ ಬಂದ ಆಲ್ಫ್, ಯಾರಿಗೋ ಏನೋ ಆಗಿದೆಯೆಂದು ತಾನೂ ಟೋಪಿ ತೆಗೆದು ಮಂಡಿಯೂರಿ, ಯಾರಿಗೆ ಎಂದು ಪಕ್ಕದವಳನ್ನು ಕೇಳಿದ.

"ಸುಮ್ನೆ ಜಪ ಮಾಡೋ," ಅಂದಳು ಆಕೆ ಕಣ್ಣು ಮುಚ್ಚಿಕೊಂಡೇ. "ರಿಮ್ಮರ್ ಆಲ್ಫ್‌ಗೆ ಕಣ್ಣು ಹೋಗೈತೆ."

ಗದ್ದಲ ಕೇಳಿ ಹೊರಬಂದ ವಿನಿ, ಬಾಗಿಲಲ್ಲಿ ತೈಲದೊಂದಿಗೆ ನಿಂತಿದ್ದ ಫಾದರ್ ಕೈ ಹಿಡಿದು ಒಲೆಯ ಹತ್ತಿರ ಕರೆದೊಯ್ದು ಪಾತ್ರೆಯ ಮುಚ್ಚಳ ತೆಗೆದಳು. ಆಲೂಗೆಡ್ಡೆ, ಈರುಳ್ಳಿ, ಕ್ಯಾರೆಟ್ಟು, ಹಬೆ. "ಶುಕ್ರವಾರ ಮಾಂಸ ತಿನ್ನಂಗಿಲ್ವಲ್ಲ ಫಾದರ್. ಮಾಂಸ ಇಲ್ದಿದ್ರೆ ಸ್ಕೌಸು ಕುರುಡು."

ಬೀದಿ ಬಿದ್ದುಬಿದ್ದು ನಕ್ಕಿತು. ಅವಳು ಮಾತ್ರ ಬಡಿಸುತ್ತ, ತನ್ನಜ್ಜಿ ಹೇಳಿದ್ದನ್ನು ಹೇಳಿದಳು. ಉತ್ತರ ಸಮುದ್ರದ ನಾವಿಕರು ಒಣರೊಟ್ಟಿ ಹಾಕಿ ಕುದಿಸುತ್ತಿದ್ದ ಸಾರು ಇದು. ಬಂದರಿನ ಬಡವರ ಹೊಟ್ಟೆ ಹೊರೆದದ್ದೂ ಇದೇ. ಹೊರಗಿನವರು ಸ್ಕೌಸು ತಿನ್ನೋರು ಎಂದು ಆಡಿಕೊಂಡರು. "ಆಡ್ಕೊಂಡಿದ್ದನ್ನೇ ಹೆಸರು ಮಾಡ್ಕೊಂಡ್ವಿ. ಆಮೇಲೆ ನಮ್ಮ ಮಾತಿಗೂ ಅದೇ ಹೆಸರಾಯ್ತು."

ಆಂಬ್ರೋಸರ ಚಮಚ ಅರ್ಧ ದಾರಿಯಲ್ಲೇ ನಿಂತಿತು. ರಾಜರ ಹೆಸರು ಹೊತ್ತ ಊರುಗಳುಂಟು, ಸಂತರ ಹೆಸರು ಹೊತ್ತವುಂಟು. ಹಸಿವೆಯ ಪಾತ್ರೆಯನ್ನೇ ಹೆಸರಾಗಿ ಹೊತ್ತ ಜನ ಇವರು. ಬಲಿಪೂಜೆಯಲ್ಲಿ ದೇವರೇ ರೊಟ್ಟಿಯಾಗುವ ಲೋಕದಲ್ಲಿ ಸಾರು ನುಡಿಯಾಗಬಾರದೇಕೆ? ಆ ತುತ್ತನ್ನು ಅವರು ಪ್ರಸಾದದಂತೆ ನುಂಗಿದರು.

ಸಂಜೆ ಪಾದ್ರಿಮನೆಯ ಮೆಟ್ಟಿಲ ಬುಡದಿಂದ ಮನೆಯಾಳು ಕೀಗನಮ್ಮನ ದನಿ ಬಂತು. "ನಡುಮನೇಲಿ ಕುರುಡು ಸ್ಕೌಸು, ಫಾದರ್. ನಿಮಗೇ ಅಂತ."

ಈ ಸಲ ಆಂಬ್ರೋಸ್ ಮೋಸಹೋಗಲಿಲ್ಲ. ಅಪ್ಪಟ ಊರಿನವರಂತೆ ಗಟ್ಟಿಯಾಗಿ ಹೇಳಿದರು: "ಹೊಟ್ಟೆ ತುಂಬೈತೆ ಕಣಮ್ಮ. ಮುಚ್ಚಿಡು. ಬೆಳಗ್ಗೆ ಹಳಸಿದ್ರೆ ಬೆಕ್ಕಿಗೆ ಹಾಕು."

ನಡುಮನೆಯಲ್ಲಿ ಯಾರೋ ಕೆಮ್ಮಿದರು.

"ನಾನು ಫೇಜಕರ್ಲಿ ಮೇಷ್ಟ್ರು, ಫಾದರ್," ಎಂದಿತು ಒಂದು ಮುದಿದನಿ, ಬೇಸರವಿಲ್ಲದೆ. "ಕಣ್ಣು ಕಾಣಲ್ಲ, ಕಿವಿ ಚೆನ್ನಾಗೈತೆ. ನಿಮಗೆ ನಮ್ಮ ಮಾತು ಕಲಿಸೋಕೆ ಹಿರಿಯ ಪಾದ್ರಿಗಳು ಕರೆಸಿದ್ರು. ಪಾಠ ಸೋಮವಾರದಿಂದ ಅಂದಿದ್ರು. ಅವರೂ ಇಲ್ಲೇ ನನ್ನ ಪಕ್ಕದಲ್ಲಿ ಕೂತವ್ರೆ. ಈಗ ಪಾಠ ಬೇಡ, ಸೋಮವಾರ ಕೆಂಟ್ ಸೀಮೆಗೇ ಹೊರಡ್ಲಿ ಅಂತಾವ್ರೆ."