ಕ್ಷಮಾಗುಣವುಳ್ಳ ಕಾವಲುಗಾರರು

ಜಗಳ ಶುರುವಾದದ್ದು ಎರಡೂವರೆ ನಕ್ಷತ್ರದಿಂದ. ಆ ಪತ್ರಿಕೆಯ ಏಳನೇ ಪುಟದಲ್ಲಿ ವಾರಕ್ಕೊಂದು ವಿಡಿಯೋ ಗೇಮ್ ವಿಮರ್ಶೆ ಬರುತ್ತಿತ್ತು. ಬರೆಯುವವನನ್ನು ಇಡೀ ಕಚೇರಿ ಅರೆಚುಕ್ಕಿ ಎಂದೇ ಕರೆಯುತ್ತಿತ್ತು. ಏಳು ವರ್ಷದಲ್ಲಿ ಅವನು ಒಂದು ಆಟಕ್ಕೂ ಪೂರ್ತಿ ಸಂಖ್ಯೆಯ ನಕ್ಷತ್ರ ಕೊಟ್ಟವನಲ್ಲ. ಒಂದೂವರೆ, ಎರಡೂವರೆ, ಅಪ್ಪಿತಪ್ಪಿ ಖುಷಿಯಾದರೆ ಮೂರೂವರೆ.

ಈ ವಾರದ್ದು ಬಲು ದೊಡ್ಡ ಆಟ. ಕಳ್ಳಹೆಜ್ಜೆಯಲ್ಲಿ ಕೋಟೆಗಳಿಗೆ ನುಗ್ಗುವ ಒಬ್ಬ ಗೂಢಚಾರಿಣಿ, ಅವಳು ಎತ್ತ ಬೇಕಾದರತ್ತ ಅಲೆಯಲು ಇಡೀ ಒಂದು ದೇಶ. ಅರೆಚುಕ್ಕಿ ಅರವತ್ತು ಗಂಟೆ ಆಡಿ, ಒಳ್ಳೆಯದನ್ನು ಒಳ್ಳೆಯದೆಂದೇ ಬರೆದಿದ್ದ. ದೀಪ ಆರಿಸಿದರೆ ನಿಜವಾಗಿಯೂ ಕತ್ತಲಾಗುತ್ತದೆ. ಹೆಂಚಿನ ಮೇಲೆ ನಡೆದರೆ ಒಂದು ಸದ್ದು, ಜಮಖಾನದ ಮೇಲೆ ಇನ್ನೊಂದು. ಯಾರ ಕೂದಲೂ ಕೊಂಕದಂತೆ ಆಟ ಮುಗಿಸಬಹುದು. ಆಮೇಲೆ ಕೆಟ್ಟದ್ದು. ಕಾವಲುಗಾರರಿಗೆ ವಿಪರೀತ ಮರೆವು, ಜೊತೆಗಾರ ಎದುರಿಗೇ ಉರುಳಿದರೂ ಹತ್ತು ಎಣಿಸುವುದರೊಳಗೆ 'ಗಾಳಿ ಇರಬೇಕು' ಎಂದು ಹಿಂದಿರುಗುತ್ತಾರೆ. ದೇಶ ದೊಡ್ಡದು, ಆದರೆ ಖಾಲಿ. ಅರ್ಧ ಗಂಟೆ ಕುದುರೆ ಓಡಿಸಿದರೆ ಸಿಗುವ ಹೆಂಗಸು, ಹಿಂದಿನ ಊರಿನವಳ ಹಾಗೇ, ಕಳೆದುಹೋದ ಮೇಕೆ ಹುಡುಕಿಕೊಡು ಎನ್ನುತ್ತಾಳೆ. ಎಲ್ಲಕ್ಕಿಂತ ಮಿಗಿಲಾಗಿ, ಉಳಿಸಿಟ್ಟ ಆಟ ಹೇಳದೆ ಕೇಳದೆ ಅಳಿಸಿಹೋಗುತ್ತದೆ.

ವಾರಕ್ಕೊಂದೇ ರಜೆ ಸಿಗುವ ನರ್ಸೊಬ್ಬರು 'ನೀವು ಒಪ್ಪಿದ್ದನ್ನು ಮಾತ್ರ ಆಡುತ್ತೇನೆ' ಎಂದು ಅವನಿಗೆ ಪತ್ರ ಬರೆದಿದ್ದರು. ತನ್ನ ಹೆಸರಿನಡಿ ಒಂದು ಸುಳ್ಳು ಬಂದರೂ ಅಂಥವರ ನಂಬಿಕೆ ಅಲ್ಲಿಗೆ ಮುಗಿಯಿತು ಎಂಬುದು ಅವನಿಗೆ ಗೊತ್ತಿತ್ತು. ಅವನ ಬಳಿ ಇದ್ದ ಆಸ್ತಿಯೆಂದರೆ ಅದೊಂದೇ.

ಬೆಳಗ್ಗೆ ಹತ್ತಕ್ಕೇ ಜಾಹೀರಾತಿನ ಮುಖ್ಯಸ್ಥ ಹಾಳೆ ಹಿಡಿದು ಬಂದ.

"ಏನ್ರೀ ಇದು? ಅದೇ ಪುಟದಲ್ಲಿ ಆ ಆಟದವರ ಅರ್ಧ ಪುಟ ಜಾಹೀರಾತಿದೆ. ಮೇಲೆ ಅವರು ಹೊಗಳ್ಕೊಂಡಿದಾರೆ, ಕೆಳಗೆ ನೀವು ಉಗಿದಿದೀರಿ. ಅವರಿಗೆ ನಾನು ಹೇಗೆ ಮುಖ ತೋರಿಸ್ಲಿ?"

"ಮುಖ ತೋರಿಸ್ಬೇಡಿ. ಫೋನ್ ಮಾಡಿ," ಎಂದ ಅರೆಚುಕ್ಕಿ.

ಪುಟ ಕಟ್ಟುವ ಹೆಂಗಸು, ಎಲ್ಲರಿಗೂ ಅಕ್ಕ, ಪಕ್ಕದ ಮೇಜಿನಿಂದಲೇ ತಲೆ ಹಾಕಿದಳು. "ನನ್ನ ಕೇಳಿದ್ರೆ ನಾಲ್ಕು ಕೊಟ್ಬಿಡಪ್ಪ. ನಿನ್ನ ಅರ್ಧ ನಕ್ಷತ್ರ ಅಚ್ಚಲ್ಲಿ ಕಚ್ಚಿಟ್ಟ ಬಿಸ್ಕತ್ತಿನ ಥರ ಕಾಣತ್ತೆ."

"ಕಾಣ್ಲಿ ಅಕ್ಕ. ಆಟಾನೂ ಹಾಗೇ ಇದೆ."

ಹನ್ನೆರಡಕ್ಕೆ ಸಂಪಾದಕರ ಕೋಣೆಯಿಂದ ಕರೆ ಬಂತು. ಸಂಪಾದಕರು ಸಜ್ಜನರು, ಆದರೆ ಜಾಹೀರಾತಿನವನನ್ನು ಕಂಡರೆ ಅವರ ಸಜ್ಜನಿಕೆ ಮೇಜಿನಡಿ ಸೇರುತ್ತಿತ್ತು. ವಿಮರ್ಶೆಯನ್ನು ಅವರೇ ಕೆಂಪು ಶಾಯಿಯಲ್ಲಿ ತಿದ್ದಿ ಇಟ್ಟಿದ್ದರು. ಅರೆಚುಕ್ಕಿ ನಿಂತೇ ಓದಿದ. ಮರೆವಿನ ಕಾವಲುಗಾರರು 'ಕ್ಷಮಾಗುಣವುಳ್ಳ ಕಾವಲುಗಾರರು' ಆಗಿದ್ದರು. ಖಾಲಿ ದೇಶ 'ಏಕಾಂತಪ್ರಿಯರಿಗೆ ಹೇಳಿ ಮಾಡಿಸಿದ ಲೋಕ'ವಾಗಿತ್ತು. ಉಳಿಸಿಟ್ಟ ಆಟ ಅಳಿಸಿಹೋಗುವುದು 'ಎಲ್ಲವನ್ನೂ ಹೊಸದಾಗಿ ಸವಿಯುವ ಅಪರೂಪದ ಅವಕಾಶ'. ಕೆಳಗೆ ಐದು ನಕ್ಷತ್ರ.

"ನನ್ನ ಹೆಸರು ತೆಗೀರಿ ಸಾರ್."

"ಹೆಸರು ತೆಗೆದ್ರೆ ಯಾರು ಓದ್ತಾರೆ? ಹೆಸರು ಇರ್ಲಿ."

"ಹಾಗಾದ್ರೆ ನಾನು ಬರೆದಿದ್ದೇ ಇರ್ಲಿ. ಆ ಆಟಾನ ನೀವು ಆಡಿದೀರಾ? ಒಂದೇ ಒಂದು ಗಂಟೆ? ಇಲ್ಲ ಅಲ್ವಾ? ಆಡದೇ ಇದ್ದೋರು ಐದು ಕೊಡ್ತೀರಿ, ಅರವತ್ತು ಗಂಟೆ ಕಣ್ಣು ಕೆಂಪು ಮಾಡ್ಕೊಂಡೋನು ಬಾಯಿ ಮುಚ್ಕೊಂಡಿರ್ಬೇಕು. ನಾನು ಮುಚ್ಚೋನಲ್ಲ ಸಾರ್."

ಅರೆಚುಕ್ಕಿ ಬಾಗಿಲು ದಡಾರೆಂದು ಹಾಕಿ ಹೊರಬಂದ. ಆ ಬಾಗಿಲಿಗೆ ಮೆತ್ತನೆಯ ಸ್ಪ್ರಿಂಗ್ ಇದ್ದುದರಿಂದ ದಡಾರ್ ಎನ್ನಲಿಲ್ಲ, ಪುಸ್ ಎಂದಿತು. ಅದಕ್ಕೂ ಅವನಿಗೆ ಸಿಟ್ಟು ಬಂತು.

ಆ ಕಚೇರಿಯ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ನೆಲಮಾಳಿಗೆಯ ಮುದ್ರಣದವರು ಕಂಪ್ಯೂಟರಿನ ತಂತಿಯಲ್ಲಿ ಬಂದದ್ದನ್ನು ನಂಬುವವರಲ್ಲ. ಪುಟವೆಂದರೆ ಪೆನ್‌ಡ್ರೈವಿನಲ್ಲಿ ತುಂಬಿ, ಕಂದು ಲಕೋಟೆಗೆ ಹಾಕಿ, ಪಿನ್ನು ಹೊಡೆದು ಕೊಡಬೇಕು. ಅದಕ್ಕೆ ಅಕ್ಕನ ಮೇಜಿನ ಮೇಲೆ ಎರಡು ಟ್ರೇಗಳಿದ್ದವು. ಹೋಗಬೇಕಾದದ್ದು ಹಸಿರು ಟ್ರೇಯಲ್ಲಿ, ತಡೆಹಿಡಿದದ್ದು ಕೆಂಪು ಟ್ರೇಯಲ್ಲಿ. ಆರಕ್ಕೆ ಮುದ್ರಣದವನು ಬಂದು ಹಸಿರಿನಲ್ಲಿದ್ದದ್ದನ್ನು ಕಣ್ಣುಮುಚ್ಚಿ ಎತ್ತಿಕೊಂಡು ಹೋಗುತ್ತಿದ್ದ. ಒಂದು ಗಂಟೆಗೆ ಅಕ್ಕ ಐದು ನಕ್ಷತ್ರದ ಪುಟವನ್ನು ಹಸಿರಿಗೂ ಎರಡೂವರೆಯದನ್ನು ಕೆಂಪಿಗೂ ಹಾಕಿದ್ದನ್ನು ಅರೆಚುಕ್ಕಿ ಕಣ್ಣಾರೆ ಕಂಡ. ಎರಡೂ ಲಕೋಟೆಗಳ ಮೇಲೆ ಬರೆದದ್ದು ಬರೀ ಏಳು.

ಊಟ ಮುಗಿಸಿ ಒಳಹೋದ ಸಂಪಾದಕರು ಮತ್ತೆ ಬಾಗಿಲು ತೆರೆಯಲಿಲ್ಲ. ನಾಚಿಕೆಯಿರಬೇಕು, ಇರಲಿ, ಎಂದುಕೊಂಡ ಅರೆಚುಕ್ಕಿ. ಮೆಟ್ಟಿಲ ಮೇಲೆ ಒಬ್ಬನೇ ಕೂತು ಸಂಜೆಯವರೆಗೆ ಹಲ್ಲು ಕಚ್ಚಿದ. ಐದೂವರೆಗೆ ಅಕ್ಕ ಟೀ ಕುಡಿಯಲು ಎದ್ದು ಹೋದಾಗ ಅವನೂ ಎದ್ದ.

ಅರವತ್ತು ಗಂಟೆಯ ತರಬೇತಿ ಇತ್ತಲ್ಲ. ಮಂಡಿಯೂರಿದ. ಕುರ್ಚಿಯಿಂದ ಕುರ್ಚಿಗೆ, ಕುರ್ಚಿಯಿಂದ ಕಸದ ಬುಟ್ಟಿಗೆ ನಾಲ್ಕು ಕಾಲಲ್ಲಿ ತೆವಳಿದ. ಗೂಢಚಾರಿಣಿಗೆ ಮಂಡಿ ಲಟಕ್ಕೆನ್ನುವುದಿಲ್ಲ, ಇವನಿಗೆ ಪ್ರತಿ ಹೆಜ್ಜೆಗೂ ಎಂದಿತು. ಅಕ್ಕನ ಮೇಜು ಇನ್ನೊಂದು ಮಾರು ದೂರವಿದೆ ಎನ್ನುವಾಗ ಎದುರಿಗೆ ಪಾಲಿಷ್ ಮಾಡಿದ ಎರಡು ಬೂಟು ಬಂದು ನಿಂತವು.

"ಏನ್ರೀ ಮಾಡ್ತಿದೀರಿ?" ಜಾಹೀರಾತಿನ ಮುಖ್ಯಸ್ಥ ಕೇಳಿದ.

"ಪೆನ್ನು ಬಿತ್ತು."

ಆಟದ ಕಾವಲುಗಾರನಾಗಿದ್ದರೆ ಗಾಳಿ ಇರಬೇಕು ಎಂದು ಹೊರಟುಹೋಗುತ್ತಿದ್ದ. ಈ ಪುಣ್ಯಾತ್ಮ ಪ್ಯಾಂಟು ಮೇಲೆಳೆದುಕೊಂಡು ತಾನೂ ಮಂಡಿಯೂರಿದ. "ಬೆಳಗ್ಗೆ ಸ್ವಲ್ಪ ಜಾಸ್ತಿ ಮಾತಾಡ್ಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಿ. ಯಾವ ಬಣ್ಣದ್ದು?"

"ನೀಲಿ," ಎಂದ ಅರೆಚುಕ್ಕಿ ಹಲ್ಲುಕಿರಿದು. ಇಬ್ಬರೂ ಇಲ್ಲದ ಪೆನ್ನನ್ನು ಒಂದು ಇಡೀ ಸಾಲು ಮೇಜುಗಳ ಕೆಳಗೆ ಹುಡುಕಿದರು. ಕೊನೆಗೆ ಮುಖ್ಯಸ್ಥ ತನ್ನ ಜೇಬಿನದೇ ಒಂದನ್ನು ಕೊಟ್ಟು, ಬೆನ್ನು ಹಿಡಿದುಕೊಂಡು ಮನೆಗೆ ಹೋದ.

ಆರಕ್ಕೆ ಎರಡು ನಿಮಿಷವಿತ್ತು. ಮೆಟ್ಟಿಲಲ್ಲಿ ಮುದ್ರಣದವನ ಹೆಜ್ಜೆ ಸದ್ದು ಕೇಳಿಸುತ್ತಿತ್ತು. ಅರೆಚುಕ್ಕಿ ಹಸಿರಿನದನ್ನು ಕೆಂಪಿಗೆ ಹಾಕಿದ, ಕೆಂಪಿನದನ್ನು ಹಸಿರಿಗೆ ಹಾಕಿದ, ಕಂಬದ ಹಿಂದೆ ಸರಿದು ನಿಂತ. ಮುದ್ರಣದವನು ಲಕೋಟೆ ಎತ್ತಿಕೊಂಡು ಇಳಿದುಹೋದ.

ಏಳಕ್ಕೆ ಕೆಳಗೆ ಯಂತ್ರ ಶುರುವಾಗಿ ನೆಲ ಅದುರಿತು. ಇನ್ನು ಕೆಲಸದಿಂದ ತೆಗೆದರೂ ಚಿಂತೆಯಿಲ್ಲ. ಕಳ್ಳನ ಹಾಗೆ ಮಾಡಿದ್ದನ್ನು ಗಂಡಸಿನ ಹಾಗೆ ಹೇಳಿಬಿಡೋಣ ಎಂದು, ಎಂಟಾಗುವವರೆಗೆ ಕಾದು, ಅವನು ಸಂಪಾದಕರ ಕೋಣೆಗೆ ಎದೆಯೆತ್ತಿ ನಡೆದ.

ಸಂಪಾದಕರ ಕಣ್ಣು ಕೆಂಪಗಿತ್ತು. ಟೈ ಕಿವಿಯ ಹತ್ತಿರವಿತ್ತು. ಎದುರಿಗಿನ ಪರದೆ ಕಪ್ಪಗಿತ್ತು.

"ಬನ್ನಿ, ಕೂತ್ಕೊಳ್ಳಿ," ಎಂದರು. "ನೀವು ಹೇಳಿದ್ದು ನಾಟಿತು ಕಣ್ರೀ. ಆಡಿದೀರಾ ಅಂದ್ರಿ. ಮಧ್ಯಾಹ್ನ ಎರಡು ಗಂಟೆಗೇ ಕೂತು ಆಡ್ದೆ. ದೀಪ ಆರಿಸ್ದೆ, ಹೆಂಚು ಹತ್ತಿದೆ, ಮೂರು ಮೇಕೆ ಹುಡುಕಿಕೊಟ್ಟೆ. ಕೋಟೆಯೊಳಗೆ ಕಾಲಿಡ್ತಿದ್ದಂಗೆ ಎಲ್ಲ ಅಳಿಸ್ಹೋಯ್ತು. ಎಲ್ಲ. ಮೂರು ಮೇಕೆನೂ." ಅವರು ಕಪ್ಪು ಪರದೆಯತ್ತ ಕೈ ತೋರಿಸಿದರು. "ಐದು ಗಂಟೆಗೇ ಅಕ್ಕನಿಗೆ ಫೋನ್ ಮಾಡಿ ಲಕೋಟೆ ಅದಲುಬದಲು ಮಾಡ್ಸಿದೀನಿ. ನಿಮ್ಮದೇ ಹೋಗಿದೆ, ಒಂದಕ್ಷರಾನೂ ಮುಟ್ಟಿಲ್ಲ. ಜಾಹೀರಾತಿನೋನು ಏನ್ ಬೇಕಾದ್ರೂ ಮಾಡ್ಕೊಳ್ಲಿ."

ಕೂರಲು ಹೋದ ಅರೆಚುಕ್ಕಿಯ ಕೈಗೆ ಕುರ್ಚಿ ಸಿಗಲಿಲ್ಲ.

ಅಷ್ಟರಲ್ಲಿ ಅಕ್ಕ ಅಚ್ಚಾದ ಪ್ರತಿಯೊಂದನ್ನು ಹಿಡಿದು ಓಡಿಬಂದಳು. ಏಳನೇ ಪುಟದಲ್ಲಿ ಐದು ನಕ್ಷತ್ರ ಮಿನುಗುತ್ತಿದ್ದವು, ಅವುಗಳ ಕೆಳಗೆ ಅವನ ಹೆಸರು. "ನನ್ನ ಕೈಯಾರೆ ಬದಲಾಯಿಸಿದ್ದೆ ಸಾರ್. ಯಾರೋ ಮತ್ತೆ ಕೈಯಾಡಿಸಿದಾರೆ. ಅರ್ಧಕ್ಕರ್ಧ ಪ್ರತಿ ಆಗ್ಲೇ ಗಾಡಿ ಹತ್ತಿದೆ."

"ನಾನೇ," ಎಂದ ಅರೆಚುಕ್ಕಿ. "ನಾನೇ ಮಾಡಿದ್ದು ಸಾರ್. ನಾಲ್ಕು ಕಾಲಲ್ಲಿ ಹೋಗಿ ಮಾಡ್ದೆ."

ಅಕ್ಕನ ಕಣ್ಣಲ್ಲಿ ನೀರು ತುಂಬಿತು.

"ನನ್ನ ಕೆಲಸ ಉಳಿಸೋಕೆ ತಪ್ಪು ತನ್ ಮೇಲೆ ಎಳ್ಕೊಳ್ತಿದಾನೆ ನೋಡಿ."

"ಇಲ್ಲ ಅಕ್ಕ. ನಿಜವಾಗ್ಲೂ ನಾನೇ."

"ಸಾಕು ಸುಮ್ನಿರಿ," ಎಂದು ಸಂಪಾದಕರು ಅವನ ಭುಜ ಹಿಡಿದರು. "ಏಳು ವರ್ಷದಲ್ಲಿ ಇದೊಂದೇ ಸುಳ್ಳು ನೀವು ಹೇಳಿದ್ದು, ಅದೂ ಇನ್ನೊಬ್ಬರಿಗೋಸ್ಕರ. ನನಗೆ ಗೊತ್ತಾಗಲ್ವಾ? ಜಾಹೀರಾತಿನೋನ ಕಡೆಯೋನು ಯಾವನೋ ನಮ್ಮೊಳಗೇ ಇದಾನೆ. ಅವನನ್ನ ಹಿಡಿಯೋ ಕೆಲಸ ನಿಮಗೇ ಕೊಡ್ತೀನಿ. ನಿಮ್ಮಷ್ಟು ನಂಬಿಕಸ್ಥರು ಇಲ್ಲಿ ಯಾರಿದಾರೆ? ಸೋಮವಾರದೊಳಗೆ ಅವನ ಹೆಸರು ನನ್ನ ಮೇಜಿನ ಮೇಲಿರ್ಬೇಕು. ಆ ಕ್ಷಣವೇ ಅವನನ್ನ ಮನೆಗೆ ಕಳಿಸ್ತೀನಿ."