ಕ್ವಾರಂಟೈನಿಗೆ ಹೋದ ಅವ್ವನ ಹಾಡು

ಮನೆಯ ಕಂಪ್ಯೂಟರನ್ನು ಕಾಪಾಡಲು ನಾನೊಬ್ಬಳೇ ಸಾಕು ಎಂಬ ಧೈರ್ಯದಿಂದ ಒಂದು ಬಿಟ್ಟಿ ಆಂಟಿವೈರಸ್ ಹಾಕಿಕೊಂಡೆ. ಸಂಬಳ ಕೇಳುವುದಿಲ್ಲ, ಊಟ ಕೇಳುವುದಿಲ್ಲ, ಇಂಥ ಕಾವಲುಗಾರ ಇಡೀ ಹೊಸಪೇಟೆಯಲ್ಲಿ ಸಿಗುತ್ತಾನೆಯೇ! ಫೈಲುಗಳನ್ನು ಒಂದೊಂದಾಗಿ ತಡಕಿ, ಕಳ್ಳರ ಗುರುತು ಸಿಕ್ಕರೆ ಅಲ್ಲೇ ಹಿಡಿಯುತ್ತಾನಂತೆ.

"ನೋಡ್ರಿ, ಇನ್ನ ನಮ್ಮ ಕಂಪ್ಯೂಟರಿಗೆ ನೆಗಡೀನೂ ಬರಂಗಿಲ್ಲ," ಎಂದೆ ಯಜಮಾನರಿಗೆ. ಯಶವಂತನಗರದ ಗಣಿಯಿಂದ ಕಂಪನಿ ಬಸ್ಸಿನಲ್ಲಿ ಆಗಷ್ಟೇ ಬಂದಿದ್ದ ಅವರು ಮುಖದ ಕೆಂಪು ಧೂಳು ಒರೆಸಿಕೊಳ್ಳುತ್ತಾ, "ಮೊದ್ಲು ಚಾ ಕೊಡು," ಎಂದರು. ಗಂಡಸರಿಗೆ ಭದ್ರತೆಯ ಮಹತ್ವ ತಿಳಿಯದು.

ಚಾ ಕುದಿಯುವಷ್ಟರಲ್ಲಿ ಪರದೆ ಕೆಂಪಾಯಿತು. ಅಪಾಯ! ಸಿಕ್ಕಿಬಿದ್ದದ್ದು ನಮ್ಮ ಮದುವೆ ಆಲ್ಬಮ್. ಸ್ಟುಡಿಯೋದವರು ಸಿಡಿಯಲ್ಲಿ ಮಾಡಿಕೊಟ್ಟದ್ದು. ಒತ್ತಿದರೆ ಫೋಟೋಗಳು ತಾವೇ ಮಗುಚುತ್ತವೆ, ಹಿಂದಿನಿಂದ ನಮ್ಮ ಅವ್ವ ಮದುವೆ ದಿನ ಬೀಗರನ್ನು ಹಂಗಿಸಿ ಹಾಡಿದ ಹಾಡು ಕೇಳುತ್ತದೆ. ತಾನಾಗಿಯೇ ಓಡುವ ಆ ಹಳೆಯ ಪ್ರೋಗ್ರಾಮನ್ನು ಕಾವಲುಗಾರ ವೈರಸ್ ಎಂದುಕೊಂಡಿದ್ದ. ಅವ್ವ ಹೋದ ಮೇಲೆ ಅವಳ ದನಿ ಉಳಿದಿದ್ದದ್ದು ಅದೊಂದರಲ್ಲೇ. ಬುಕ್ಕಸಾಗರದ ತವರು ನೆನಪಾದಾಗಲೆಲ್ಲ ಅದನ್ನು ಹಚ್ಚಿಕೊಂಡು ಕೂರುತ್ತಿದ್ದೆ.

ಕೆಳಗೆ ಒಂದು ಪ್ರಶ್ನೆ ಬಂತು: ಕ್ವಾರಂಟೈನ್ ಮಾಡಲೇ?

ಆ ಪದ ನನಗೇನು ಹೊಸತೇ? ಕೊರೊನಾ ಬಂದಾಗ ಯಜಮಾನರನ್ನೇ ಹಾಸ್ಟೆಲಿನಲ್ಲಿ ಕ್ವಾರಂಟೈನ್ ಮಾಡಿದ್ದರು. ಹೊತ್ತುಹೊತ್ತಿಗೆ ಉಂಡು, ದುಂಡಗಾಗಿ ಮನೆಗೆ ಬಂದರು. ಅವ್ವನ ಹಾಡೂ ಹಾಗೇ ಗುಣವಾಗಿ ಬರಲಿ ಎಂದು ಒತ್ತಿದೆ.

"ಏನಾತು, ಅತ್ತಿ ಹಾಡು ಕೇಳವಲ್ದಲ್ಲ?" ಎಂದು ಯಜಮಾನರು ಆಮೇಲೊಂದು ದಿನ ಕೇಳಿದರು.

"ವಾರ್ಡಿನಾಗ ಐತ್ರಿ. ಗದ್ದಲ ಮಾಡಬ್ಯಾಡ್ರಿ."

ಕಾದು ಕಾದು ನಾನೇ ಒಳಗೆ ಹೊಕ್ಕು ನೋಡಿದೆ. ಪಾಪ, ಒಂದೇ ಒಂದು ಫೈಲು, ಬೀಗದೊಳಗೆ. ಎದುರಿಗೇ ಒಂದು ಬಟನ್: ರಿಮೂವ್ ಫ್ರಮ್ ಕ್ವಾರಂಟೈನ್. ಡಿಸ್ಚಾರ್ಜ್! ಒತ್ತಿದೆ. ಖಂಡಿತವೇ ಎಂದು ಕೇಳಿತು. ಹೌದಪ್ಪಾ, ಜಲ್ದಿ ಮನೆಗೆ ಕಳಿಸು ಎಂದು ಇನ್ನೊಮ್ಮೆ ಒತ್ತಿದೆ.

ಹಾಡು ಮನೆಗೆ ಬರಲೇ ಇಲ್ಲ. ಕಂಪ್ಲಿಯಲ್ಲಿರುವ ತಂಗಿ ಗಿರಿಜಾಗೆ ಫೋನ್ ಹಚ್ಚಿದೆ.

"ಅಯ್ಯ ಅಕ್ಕಾ, ರಿಸ್ಟೋರ್ ಒತ್ತಬೇಕಿತ್ತು! ರಿಮೂವ್ ಅಂದ್ರ ಅಳಿಸಿಬಿಡೋದು. ಹೋಗ್ಲಿ, ಸಿಡಿ ಐತಲ್ಲ, ಮತ್ತ ಹಾಕ್ಕೋ."

ಕಂಪ್ಯೂಟರಿನಲ್ಲಿ ಇದ್ದ ಮೇಲೆ ಸಿಡಿ ಏಕೆ ಎಂದು, ಭತ್ತಕ್ಕೆ ಬರುವ ಹಕ್ಕಿ ಓಡಿಸಲು ಗದ್ದೆಯಲ್ಲಿ ತೂಗುಹಾಕು ಎಂದು ಅದನ್ನು ಅಣ್ಣನಿಗೆ ಕೊಟ್ಟವಳು ನಾನೇ. ಗದ್ದೆಯ ಬಿಸಿಲಿಗೆ ಅದು ಸಿಡಿದೇ ಹೋಯಿತಂತೆ.

ಗಿರಿಜಾ ಆ ಕಡೆ ಅತ್ತಳು, ನಾನು ಈ ಕಡೆ. ಅವ್ವ ಇನ್ನೊಮ್ಮೆ ಹೋದಳು. ಈ ಸಲ ಕಳಿಸಿದ್ದು ನಾನು.

ಯಜಮಾನರು ಬೈಯಲಿಲ್ಲ. ಪಕ್ಕದಲ್ಲಿ ಕುಳಿತು, "ಅಳಬ್ಯಾಡ. ನೀನೇ ಹಾಡು, ಫೋನಿನಾಗ ಹಿಡೀತೀನಿ. ಅತ್ತಿ ದನಿ ನಿನಗೈತಿ," ಎಂದರು.

ಗಂಟಲು ಸರಿಮಾಡಿಕೊಂಡು ಮೊದಲ ಸಾಲು ಹಾಡಿದೆ. ಅವ್ವನೇ ಬಂದಂತಾಯಿತು. ಎರಡನೆಯ ಸಾಲು ಬರಲಿಲ್ಲ. ಕಂಪ್ಯೂಟರಿನಲ್ಲಿ ಭದ್ರವಾಗಿದೆಯಲ್ಲ ಎಂದು ಕಲಿತೇ ಇರಲಿಲ್ಲ! ಗಿರಿಜಾಗೂ ಬರದು.

ಈಗ ಫೋನಿನಲ್ಲಿರುವುದು ಹಾಡಿನ ಒಂದು ಸಾಲು, ಆಮೇಲೆ "ಮುಂದೇನ್ರೀ?" ಎಂಬ ನನ್ನ ದನಿ, "ನನ್ನೇನು ಕೇಳ್ತೀ? ಬೈಸಿಕೊಂಡವ್ರು ನಾವು!" ಎಂಬ ಅವರ ದನಿ. ದಿನಾ ಅದನ್ನೇ ಹಚ್ಚಿ ಕೇಳುತ್ತೇನೆ. ಫೋನಿಗೆ ಆಂಟಿವೈರಸ್ ಹಾಕಿಲ್ಲ. ಕಳ್ಳ ಬಂದರೂ ಬರಲಿ, ಎರಡನೆಯ ಸಾಲು ಅವನಿಗಾದರೂ ಗೊತ್ತಿದೆಯೇ ಎಂದು ಕೇಳಬೇಕು.