ಸಿಮೆಂಟಿನವರಲ್ಲದ ಮೊಸಳೆಯವರಿಗೆ

ಮಾನ್ಯರೇ,

ಶ್ರೀರಂಗಪಟ್ಟಣದ ಸಮೀಪ, ಕಾವೇರಿಯ ನಡುಬಂಡೆಯ ಮೇಲೆ ಸದಾ ಬಾಯಿ ತೆರೆದು ವಿರಾಜಮಾನರಾಗಿರುವ ಮೊಸಳೆ ಮಹಾಶಯರ ಸನ್ನಿಧಾನಕ್ಕೆ, ಮೈಸೂರಿನ ಬೋಗಾದಿಯಿಂದ ನಿವೃತ್ತ ಗ್ರಂಥಪಾಲಕ ಬಿಂದುಮಾಧವ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂದರೆ ಹೊಟ್ಟೆಯನ್ನು ನೆಲಕ್ಕೆ ತಾಗಿಸಿ ಮಲಗುವುದೆಂದು ತಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ವಂಶದವರು ಹಬ್ಬಹರಿದಿನಗಳಲ್ಲಿ ಮಾತ್ರ ಮಾಡುವುದನ್ನು ತಾವು ಹುಟ್ಟಿದಾರಭ್ಯ ಬಿಡದೆ ನಡೆಸಿಕೊಂಡು ಬಂದಿದ್ದೀರಿ. ತಮ್ಮ ಕ್ಷೇಮಸಮಾಚಾರ ವಿಚಾರಿಸಬೇಕಾದ್ದು ನನ್ನ ಧರ್ಮ, ಆದರೆ ತಾವು ಕ್ಷೇಮವಾಗಿದ್ದೀರೆಂಬುದು ಕಳೆದ ಭಾನುವಾರ ಮಧ್ಯಾಹ್ನ ನನಗೆ ಅಗತ್ಯಕ್ಕಿಂತ ಹೆಚ್ಚಾಗಿಯೇ ತಿಳಿದುಬಂದಿದೆ.

ಮೊದಲಿಗೆ ನಮ್ಮ ಮನೆತನದ ವಿಷಯ ಒಂದೆರಡು ಮಾತು. ನಮ್ಮ ತಾತನವರು ಅರಮನೆಯ ಅತಿಥಿಸತ್ಕಾರದ ಇಲಾಖೆಯಲ್ಲಿದ್ದವರು, ಮತ್ತು ಅಲ್ಲಿಂದ ಪಿಂಚಣಿಯ ಜೊತೆಗೆ ಮನೆಗೆ ಹೊತ್ತು ತಂದದ್ದು ಒಂದೇ ಒಂದು ಪದ್ಧತಿ: ಬಂದವರೆದುರಿಗೆ 'ಇಲ್ಲ', 'ಅಲ್ಲ' ಎನ್ನಬಾರದು. ಆದ್ದರಿಂದ ನಮ್ಮ ಮನೆಯಲ್ಲಿ ಅಕ್ಕಿ ಎಂದೂ ಮುಗಿಯುವುದಿಲ್ಲ, ಅದು 'ಹೆಚ್ಚುತ್ತದೆ'. ದೀಪ ಆರುವುದಿಲ್ಲ, 'ದೊಡ್ಡದಾಗುತ್ತದೆ'. ಯಾರೂ ಹೋಗುವುದಿಲ್ಲ, ಎಲ್ಲರೂ 'ಬರುತ್ತಾರೆ'. ಒಮ್ಮೆ ನನ್ನ ಹೆಂಡತಿ ಶಾರದ ಸಕ್ಕರೆ ಹೆಚ್ಚಿದೆ ಎಂದಳೆಂದು, ಹೊಸದಾಗಿ ಪಕ್ಕಕ್ಕೆ ಬಾಡಿಗೆಗೆ ಬಂದಿದ್ದ ವಿದ್ಯಾರ್ಥಿಗಳು ಸಂತೋಷದಿಂದ ಲೋಟ ಹಿಡಿದುಕೊಂಡು ಬಂದುಬಿಟ್ಟಿದ್ದರು. ಅವರಿಗೂ ನಾವು ಇಲ್ಲವೆನ್ನಲಿಲ್ಲ. ಅಂಗಡಿಗೆ ಹೋಗಿ ಸಕ್ಕರೆ ತಂದು ಕೊಟ್ಟೆವು.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಮಗಳು ಗಾರ್ಗಿ ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಅಲ್ಲೇ ಕೆಲಸದಲ್ಲಿರುವ ಧಾರವಾಡದ ಹುಡುಗ ಅಭಿರಾಮನೂ ಅವಳೂ ಒಬ್ಬರನ್ನೊಬ್ಬರು ಮೆಚ್ಚಿದ್ದಾರೆ, ನಾವೂ ಒಪ್ಪಿದ್ದೇವೆ, ಬಾಕಿ ಇದ್ದದ್ದು ಹುಡುಗನ ತಂದೆ ಭೀಮರಾವ್ ಕೊರ್ಲಹಳ್ಳಿಯವರ ಒಪ್ಪಿಗೆ ಮಾತ್ರ. ಅವರು ಲೋಕೋಪಯೋಗಿ ಇಲಾಖೆಯಲ್ಲಿ ಸೇತುವೆಗಳನ್ನು ಕಟ್ಟಿಸಿ ನಿವೃತ್ತರಾದವರು, ನೇರ ಮನುಷ್ಯರು, ಮಾತಿಗೆ ಮುಲಾಜಿಲ್ಲ. ಹುಡುಗಿಯ ಮನೆಯವರು ಎಂಥವರೆಂದು ನೋಡಿಹೋಗಲು ಅವರು ದಂಪತಿಸಮೇತ ಬಂದಾಗ, ಮೈಸೂರಿನವರಾದ ನಾವು ಮನೆಯಲ್ಲಿ ಉಪ್ಪಿಟ್ಟು ಕೊಟ್ಟು ಕಳಿಸಿಬಿಡುವುದುಂಟೇ? ನಮ್ಮೂರಿಗೆ ಬಂದವರಿಗೆ ಪಕ್ಕದೂರಿನ ಹೊಳೆ ತೋರಿಸದೆ ಕಳಿಸಿದರೆ ಸತ್ಕಾರವೇ ಪೂರ್ತಿಯಾದಂತಲ್ಲ. ಕಾರು ಮಾಡಿಕೊಂಡು ಶ್ರೀರಂಗಪಟ್ಟಣಕ್ಕೆ ಹೊರಟೆವು.

ಆ ದಿನ ಬೀಗರಾಗಲಿರುವವರು ಹೇಳಿದ್ದಕ್ಕೆಲ್ಲ ನಾನು ಹೂಂಗುಟ್ಟಿದೆನೆಂಬುದನ್ನು ಮುಚ್ಚಿಡುವುದಿಲ್ಲ. ಕೋಟೆಯ ಗೋಡೆ ನೋಡಿ ಇದಕ್ಕೆ ಪ್ಲಾಸ್ಟರು ಮಾಡಿಸಬೇಕಿತ್ತು ಎಂದರು, ಮಾಡಿಸಬೇಕಿತ್ತು ಎಂದೆ. ಸಂಗಮದ ಬಳಿ ನಿಂತು ಇಲ್ಲಿ ಒಂದು ಸೇತುವೆ ಹಾಕಿಬಿಟ್ಟರೆ ನದಿಗಳು ಸೇರುವ ತಾಪತ್ರಯವೇ ಇರುತ್ತಿರಲಿಲ್ಲ ಎಂದರು, ಅದು ನಮಗೆ ಹೊಳೆದೇ ಇರಲಿಲ್ಲ ಎಂದೆ. ಕಡೆಗೆ ಮೈಸೂರು ಪಾಕಿಗಿಂತ ಧಾರವಾಡದ ಪೇಡೆ ಮೇಲು ಎಂದಾಗಲೂ, ಹಿಂದಿನ ಸೀಟಿನಲ್ಲಿ ಶಾರದ ಸದ್ದು ಮಾಡಿ ಉಸಿರೆಳೆದುಕೊಂಡದ್ದು ಕೇಳಿಸಿದರೂ, ಸತ್ಯವಾದ ಮಾತು ಎಂದುಬಿಟ್ಟೆ. ಇಷ್ಟೆಲ್ಲ ಮಾಡಿ ಗಳಿಸಿದ್ದ ಮಾನವನ್ನು ತಾವು ಒಂದೇ ಗಳಿಗೆಯಲ್ಲಿ ನೀರುಪಾಲು ಮಾಡಿದಿರಿ.

ಪಕ್ಷಿಧಾಮದಲ್ಲಿ ದೋಣಿ ಹತ್ತಿದೆವು. ಅಂಬಿಗ ಪುಟ್ಟಸ್ವಾಮಿ ಕೊಕ್ಕರೆಗಳನ್ನೆಲ್ಲ ತೋರಿಸಿ ತಮ್ಮ ಬಂಡೆಯ ಬಳಿಗೆ ಕರೆತಂದ. ತಾವು ಮಲಗಿದ್ದಿರಿ. ಆ ಮಲಗುವಿಕೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯದಿದ್ದರೆ ನಾನು ಕೃತಘ್ನನಾದೇನು: ರೆಪ್ಪೆ ಅಲುಗಲಿಲ್ಲ, ಬಾಲ ಮಿಸುಕಲಿಲ್ಲ, ಹಲ್ಲಿನ ಮೇಲೆ ನೊಣ ಕೂತರೂ ತಾವು ಗಮನಿಸಲಿಲ್ಲ, ಬಾಯಿ ಅಷ್ಟಗಲ ತೆರೆದೂ ಒಂದು ಮಾತೂ ಆಡಲಿಲ್ಲ. ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಸಭೆಗಳಿಗೆ ತಮ್ಮನ್ನು ಅಧ್ಯಕ್ಷರನ್ನಾಗಿ ಕರೆಯಬೇಕೆಂದು ನನಗೆ ಆ ಕ್ಷಣವೇ ಅನ್ನಿಸಿತು. ಭೀಮರಾಯರು ಕನ್ನಡಕ ಏರಿಸಿ ತಮ್ಮನ್ನು ಬಹಳ ಹೊತ್ತು ಪರೀಕ್ಷಿಸಿ, "ಸಿಮೆಂಟಿಂದ ಅದ ನೋಡ್ರಿ, ಮಿಕ್ಸ್ ಚೊಲೋ ಬಂದದ" ಎಂದು ತೀರ್ಪು ಕೊಟ್ಟರು.

ತಾವು ಸಿಮೆಂಟಲ್ಲವೆಂದು ನನಗೆ ಗೊತ್ತಿತ್ತು. ಚಿಕ್ಕಂದಿನಿಂದ ತಮ್ಮನ್ನೂ ತಮ್ಮ ಹಿರಿಯರನ್ನೂ ನೋಡುತ್ತ ಬೆಳೆದವನು ನಾನು. ಪುಟ್ಟಸ್ವಾಮಿ ಕೂಡ ಗಾಬರಿಯಾಗಿ, "ಅಯ್ಯೋ ಸಾ, ಅದು ಅಂಗೇ ಮನ್ಗಿರ್ತದೆ, ಕೈ ಒಳಕ್ಕೆ ಇಟ್ಕಳಿ" ಎಂದ. ಆದರೆ ಅತಿಥಿಗಳ ಮಾತಿಗೆ ಅಂಬಿಗ ಎದುರಾಡಿದನಲ್ಲ ಎಂದು ನನಗೆ ಸಂಕೋಚವಾಗಿ, ಅದನ್ನು ಮರೆಸುವ ಅವಸರದಲ್ಲಿ, ರಾಯರೇ, ನೀವು ಹೇಳಿದ ಮೇಲೆ ಇನ್ನೇನು, ಸಿಮೆಂಟೇ ಇರಬೇಕು ಎಂದುಬಿಟ್ಟೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಯಾವಾಗ ಮಾಡಿಸಿದ್ದು ಎಂದು ಅವರು ಆಸಕ್ತಿಯಿಂದ ಕೇಳಿದರು. ಗೊತ್ತಿಲ್ಲ ಎನ್ನುವುದೂ ಒಂದು ಬಗೆಯ 'ಇಲ್ಲ'ವೇ ಆದ್ದರಿಂದ, ಪ್ರವಾಸಿಗರ ಆಕರ್ಷಣೆಗೆಂದು ಈಚೆಗೆ ಮಾಡಿಸಿದ್ದೆಂದೂ, ದಸರಾ ಬಂದಾಗಲೆಲ್ಲ ಹೊಸದಾಗಿ ಬಣ್ಣ ಬಳಿಸುತ್ತಾರೆಂದೂ ಹೇಳಿದೆ. ಭೀಮರಾಯರು ತೃಪ್ತರಾಗಿ, ಬಣ್ಣದ ಗುಣಮಟ್ಟ ನೋಡಲೆಂದು ಕೈಯನ್ನು ದೋಣಿಯ ಆಚೆಗೆ ಚಾಚಿದರು.

ತಾವು ಬಾಯಿ ಮುಚ್ಚಿದ್ದು ಆವಾಗ. ಮುಚ್ಚಿದ ಸದ್ದು ಎದುರಿನ ದಡದವರೆಗೂ ಕೇಳಿಸಿತು. ಆಮೇಲೆ ಯಾವ ಅವಸರವೂ ಇಲ್ಲದೆ, ಊಟ ಮುಗಿಸಿ ಕೈತೊಳೆಯಲು ಏಳುವ ಯಜಮಾನರಂತೆ ತಾವು ಬಂಡೆಯಿಂದ ಇಳಿದು ನೀರಿಗೆ ಸರಿದಿರಿ. ದೋಣಿ ಹೊಯ್ದಾಡಿತು, ಭೀಮರಾಯರ ಧರ್ಮಪತ್ನಿಯವರ ಇಳಕಲ್ ಸೀರೆ ಸೆರಗಿನವರೆಗೂ ತೊಯ್ದಿತು. ಭೀಮರಾಯರು ಕಿರುಚಲಿಲ್ಲ. ಸದ್ಯ ನೆಟ್ಟಗೆ ಉಳಿದಿದ್ದ ಕೈಯನ್ನು ಮೆಲ್ಲನೆ ಮಡಿಲಿಗೆ ಎಳೆದುಕೊಂಡು ನೋಡಿದರು, ತಮ್ಮನ್ನಲ್ಲ, ನನ್ನನ್ನು. ಬೋಗಾದಿಗೆ ವಾಪಸು ಬಂದು ಕಾಫಿ ಕುಡಿದಾದ ಮೇಲೆ, "ಹುಡುಗಿ ಇಂಜಿನಿಯರ್ ಅಂದ್ರಿ. ಅದಕ್ಕೂ ದಸರಾಕ್ಕ ಬಣ್ಣ ಹಚ್ಚತೀರೇನ್ರಿ?" ಎಂದು ಕೇಳಿ, ಮನೆಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದರು. 'ತಿಳಿಸುತ್ತೇವೆ' ಎಂಬುದರ ಅರ್ಥ ನಮಗೆ ಚೆನ್ನಾಗಿ ಗೊತ್ತು ಮಾನ್ಯರೇ. ಎಷ್ಟೋ ಸಂಬಂಧಗಳನ್ನು ನಾವೂ ಹಾಗೆಯೇ ಬೀಳ್ಕೊಟ್ಟಿದ್ದೇವೆ.

ಅಂದಿನಿಂದ ಧಾರವಾಡದ ಕಡೆಯಿಂದ ಸದ್ದಿಲ್ಲ. ಗಾರ್ಗಿ ಅಳುತ್ತಿಲ್ಲ, ಜಗಳ ಮಾಡುತ್ತಿಲ್ಲ. ಕಾರ್ಖಾನೆಗೆ ಹೋಗುತ್ತಾಳೆ, ಬರುತ್ತಾಳೆ, ತಟ್ಟೆಯ ಅಂಚಿನಲ್ಲಿ ಅನ್ನ ಒತ್ತರಿಸಿಟ್ಟು ಏಳುತ್ತಾಳೆ. ನಿನ್ನೆ ಮಾತ್ರ ಕೈತೊಳೆದು ಬಂದವಳು ನನ್ನೆದುರು ನಿಂತು, "ಅಪ್ಪ, ಮೊಸಳೇನ ಮೊಸಳೆ ಅನ್ನೋಕೆ ಏನಾಗಿತ್ತಪ್ಪ ನಿಂಗೆ? ನಂಗೋಸ್ಕರನೂ ಒಂದ್ಸಲ ಅಲ್ಲ ಅನ್ನೋಕಾಗ್ಲಿಲ್ವಾ?" ಎಂದಳು. ನನಗೆ ಬಹಳ ನೋವಾಯಿತು. ಅದಕ್ಕೂ ನಾನು ಹೌದು ಎಂದೇ ತಲೆಯಾಡಿಸಿದೆನೆಂಬುದು ಆಮೇಲೆ ನೆನಪಿಗೆ ಬಂತು.

ಆದಕಾರಣ ತಮ್ಮಲ್ಲಿ ವಿನಯಪೂರ್ವಕ ಮೊರೆ. ತಾವು ಎರಡರಲ್ಲಿ ಒಂದಾಗಿರಬೇಕು: ಸಿಮೆಂಟಾಗಿದ್ದರೆ ಕಡೆಯವರೆಗೂ ಸಿಮೆಂಟಾಗಿರಬೇಕು, ಮೊಸಳೆಯಾಗಿದ್ದರೆ ದೋಣಿ ಬರುವಾಗಲೇ ಬಾಲವನ್ನಾದರೂ ಆಡಿಸಿ ಬಂದವರಿಗೆ ಸೂಚನೆ ಕೊಡಬೇಕು. ಪಿಂಚಣಿದಾರನಾದ ನಾನೇ ನವೆಂಬರ್ ಬಂತೆಂದರೆ ಬ್ಯಾಂಕಿಗೆ ಹೋಗಿ ಬದುಕಿದ್ದೇನೆಂದು ಕಣ್ಣು ಪಿಳುಕಿಸಿ ತೋರಿಸಿ ಬರುತ್ತೇನೆ. ತಾವೂ ಅಂಥದೊಂದು ಜೀವಂತ ಪ್ರಮಾಣಪತ್ರ ಮಾಡಿಸಿ ಕೊರಳಿಗೆ ನೇತುಹಾಕಿಕೊಂಡರೆ ಮರ್ಯಾದಸ್ಥರ ಮನೆಗಳು ಉಳಿಯುತ್ತವೆ. ಅದಾಗದಿದ್ದರೆ ಖುದ್ದಾಗಿ ಧಾರವಾಡಕ್ಕೆ ಪ್ರಯಾಣ ಬೆಳೆಸಿ, ನಾನು ಹೇಳಿದ್ದು ಕೆಟ್ಟ ಬುದ್ಧಿಯಿಂದಲ್ಲ, ಒಳ್ಳೆಯ ನಡತೆಯಿಂದ ಎಂದು ಭೀಮರಾಯರಿಗೆ ವಿವರಿಸಿ ಬರಬೇಕು. ರೈಲಿನಲ್ಲಿ ಕೆಳಗಿನ ಬರ್ತೇ ಕಾದಿರಿಸುತ್ತೇನೆ. ಅಲ್ಲಿ ದಯವಿಟ್ಟು ಕಣ್ಣೀರು ಹಾಕಬೇಡಿ, ಆ ವಿಷಯದಲ್ಲಿ ತಮ್ಮ ಕುಲಕ್ಕೆ ಒಳ್ಳೆಯ ಹೆಸರಿಲ್ಲ. ತಮಗೆ ಬಿಡುವಿಲ್ಲವೆಂದು ಮಾತ್ರ ಹೇಳಬೇಡಿ, ತಮ್ಮ ದಿನಚರಿಯನ್ನು ನಾನು ಕಣ್ಣಾರೆ ಕಂಡವನು.

ಬಂಡೆ ತಣ್ಣಗಿರಲಿ, ಮೀನು ಹೆಚ್ಚುತ್ತಿರಲಿ (ನಮ್ಮ ಮನೆಯ ಅರ್ಥದಲ್ಲಲ್ಲ, ನಿಜವಾಗಿ) ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಬಿಂದುಮಾಧವ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಂತೆ ಭೀಮರಾಯರ ಫೋನು ಬಂತು. ಅವರು ಇಷ್ಟು ದಿನ ಯೋಚಿಸಿ ದಾರಿ ಕಂಡುಕೊಂಡಿದ್ದರು: "ಒಳಗ ಮೋಟಾರ್ ಇಟ್ಟಾರ್ರಿ ಅದಕ್ಕ. ಅಂದ್ರ ನೀವು ಹೇಳಿದ್ದೂ ಸುಳ್ಳಲ್ಲ, ನಾ ಹೇಳಿದ್ದೂ ಸುಳ್ಳಲ್ಲ. ಮದುವಿ ಮಾತು ಮುಂದುವರಸೋಣಂತ. ಮೋಟಾರ್ ಹೌದಲ್ರಿ?" ಒಂದು ಹೌದು ಅಂದಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಬಾಗಿಲಲ್ಲಿ ಗಾರ್ಗಿ ನಿಂತಿದ್ದಳು. ಅಲ್ಲ, ಅದು ಮೊಸಳೆ ಎಂದೆ. ಅಡುಗೆಮನೆಯಲ್ಲಿ ಶಾರದಳ ಕೈಯಿಂದ ಸೌಟು ಬಿತ್ತು. ಆ ಕಡೆಯಿಂದ, "ಖರೇ ಮೊಸಳಿ ಅಂತ ಗೊತ್ತಿದ್ದೂ ನನ್ನ ಕೈ ಚಾಚಲಿಕ್ಕೆ ಬಿಟ್ರೇನ್ರಿ!" ಎಂಬ ಕೂಗು, ಅದರ ಹಿಂದೆ ಅವರ ಧರ್ಮಪತ್ನಿಯವರು ಬಿದ್ದು ಬಿದ್ದು ನಗುವ ಸದ್ದು. ಕಡೆಗೆ ಭೀಮರಾಯರು ಒಪ್ಪಿದ್ದಾರೆ, ಷರತ್ತು ಒಂದೇ: ಮದುವೆ ಧಾರವಾಡದಲ್ಲೇ ಆಗಬೇಕು, ಏಕೆಂದರೆ ಅಲ್ಲಿ ಹೊಳೆಯಿಲ್ಲ. ಲಗ್ನಪತ್ರಿಕೆ ಅಚ್ಚಾದೊಡನೆ ಪದ್ಧತಿಯಂತೆ ತಮಗೂ ಒಂದು ಕಳಿಸುತ್ತೇನೆ. ತಾವು ಬರಕೂಡದು. ನೋಡಿದಿರಾ, ಈಗ ನನಗೆ ಹಾಗೆನ್ನಲು ಬರುತ್ತದೆ.